ಸರ್ಫ್ ಬೋರ್ಡಿನ ಫಿನ್: ಜೋಡಣೆಯ ಬಗೆಗಳು ಮತ್ತು ಮುರಿಯದಂತೆ ಕಾಯುವ ಕ್ರಮ

ಸರ್ಫ್ ಬೋರ್ಡಿನ ಕೆಳಮೈಯಲ್ಲಿ, ಬಾಲದ ಕಡೆಗೆ, ನೀರಿನೊಳಗೆ ಇಳಿಬಿದ್ದಿರುವ ಅಲಗಿನಾಕಾರದ ಭಾಗವನ್ನು ಫಿನ್ ಎನ್ನುತ್ತಾರೆ. ಅಲೆಯ ಇಳಿಜಾರಿನಲ್ಲಿ ಬೋರ್ಡು ಅಡ್ಡಡ್ಡ ಜಾರದಂತೆ ಹಿಡಿದಿಡುವುದು, ಸವಾರ ಒಂದು ಬದಿಗೆ ಭಾರ ಹಾಕಿದಾಗ ಆ ಬದಿಗೆ ಹೊರಳಲು ಆಧಾರ ಕೊಡುವುದು, ಇವೆರಡೂ ಅದರ ಕೆಲಸ. ನೀರು ಫಿನ್ನಿನ ಎರಡು ಮೈಗಳ ಮೇಲೆ ಬೇರೆಬೇರೆ ವೇಗದಲ್ಲಿ ಹರಿದು ಪಕ್ಕಕ್ಕೆ ಒಂದು ಒತ್ತಡ ಹುಟ್ಟಿಸುತ್ತದೆ. ಆ ಒತ್ತಡದ ಬಲದಿಂದಲೇ ಬೋರ್ಡು ಅಲೆಯನ್ನು ಕಚ್ಚಿ ನಿಲ್ಲುತ್ತದೆ. ಒಂದು ಫಿನ್ ಕಳಚಿಹೋದರೂ ಬಾಲ ತಪ್ಪಿ ಸುತ್ತುತ್ತದೆ, ಸವಾರ ಬೀಳುತ್ತಾನೆ. ಅಂಗೈಯಗಲದ ಈ ಭಾಗವೇ ಇಡೀ ಬೋರ್ಡಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದೂ ಹೌದು.

ಕರ್ನಾಟಕದಲ್ಲಿ ಸರ್ಫಿಂಗ್‌ಗೆ ಎರಡು ದಶಕಗಳ ಹಿನ್ನೆಲೆಯಿದೆ. ಅಮೆರಿಕ ಮೂಲದ ಜ್ಯಾಕ್ ಹೆಬ್ನರ್, ಜನರ ಬಾಯಲ್ಲಿ ‘ಸರ್ಫಿಂಗ್ ಸ್ವಾಮಿ’, 2004ರಲ್ಲಿ ಮೂಲ್ಕಿಯಲ್ಲಿ ಆರಂಭಿಸಿದ ಸರ್ಫ್ ಆಶ್ರಮ ಮತ್ತು ಮಂತ್ರ ಸರ್ಫ್ ಕ್ಲಬ್ಬಿನಿಂದ ಈ ಆಟ ಕರಾವಳಿಯಲ್ಲಿ ನೆಲೆಯೂರಿತು. 2007ರಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಅದರ ನೆಲೆ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ 2016ರ ಮೇ ತಿಂಗಳಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಮೊದಲ ಬಾರಿಗೆ ನಡೆಯಿತು. ನಂತರದ ವರ್ಷಗಳಲ್ಲಿ ಪಣಂಬೂರಿನಲ್ಲೂ ನಡೆದಿದೆ. ಕರ್ನಾಟಕದಿಂದ ಕೇರಳದ ಕೋವಳಂಗೆ ಹೋಗಿ ನೆಲೆಸಿದ ಕುಟುಂಬದ ರಮೇಶ್ ಬೂದಿಹಾಳ್ 2025ರಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಬೋರ್ಡುಗಳು ಹೆಚ್ಚಿದಂತೆ ಮುರಿದ ಫಿನ್ನುಗಳೂ ಹೆಚ್ಚಿವೆ. ಒಳ್ಳೆಯ ಫಿನ್ ಬಹುಪಾಲು ಹೊರದೇಶದಿಂದ ಬರಬೇಕಾದ್ದರಿಂದ ಅದನ್ನು ಕಾಪಾಡಿಕೊಳ್ಳುವ ತಿಳಿವಳಿಕೆಗೆ ಇಲ್ಲಿ ಬೆಲೆ ಹೆಚ್ಚು.

ಫಿನ್ನಿನ ಇತಿಹಾಸ ದೀರ್ಘವಾದದ್ದೇನಲ್ಲ. ಹವಾಯಿಯ ಹಳೆಯ ಮರದ ಹಲಗೆಗಳಿಗೆ ಫಿನ್ ಇರಲಿಲ್ಲ. ಸವಾರರು ಕಾಲನ್ನು ನೀರಿಗೆ ಇಳಿಬಿಟ್ಟು ದಿಕ್ಕು ಬದಲಿಸುತ್ತಿದ್ದರು. 1935ರಲ್ಲಿ ಟಾಮ್ ಬ್ಲೇಕ್ ಒಂದು ಹಳೆಯ ಸ್ಪೀಡ್‌ಬೋಟಿನಿಂದ ತೆಗೆದ, ಸುಮಾರು ಒಂದು ಅಡಿ ಉದ್ದ ಮತ್ತು ನಾಲ್ಕು ಅಂಗುಲ ಆಳದ ಲೋಹದ ಪಟ್ಟಿಯನ್ನು ತನ್ನ ಬೋರ್ಡಿನ ಅಡಿಗೆ ಜೋಡಿಸಿ ವೈಕೀಕಿಯಲ್ಲಿ ನೀರಿಗಿಳಿದ. 1960ರ ದಶಕದಲ್ಲಿ ಜಾರ್ಜ್ ಗ್ರೀನೊ ಮೀನಿನ ರೆಕ್ಕೆಯನ್ನು ನೋಡಿ ಬಳುಕುವ, ಹಿಂದಕ್ಕೆ ಬಾಗಿದ ಫಿನ್ ರೂಪಿಸಿದ. 1970ರ ದಶಕದ ಕೊನೆಯಲ್ಲಿ ಮಾರ್ಕ್ ರಿಚರ್ಡ್ಸ್ ಎರಡು ಫಿನ್ನಿನ ಬೋರ್ಡಿಗೆ ಹೆಸರು ತಂದ. 1980ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ‘ಥ್ರಸ್ಟರ್’ ಮಾಡಿ ಮರುವರ್ಷ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದ. ಇಂದು ಸಸಿಹಿತ್ಲುವಿನಲ್ಲಿ ಸ್ಪರ್ಧೆಗಿಳಿಯುವ ಗಿಡ್ಡ ಬೋರ್ಡುಗಳಲ್ಲಿ ಹೆಚ್ಚಿನವು ಈ ಥ್ರಸ್ಟರ್ ಮಾದರಿಯವೇ.

ಮೊದಮೊದಲು ಫಿನ್ನನ್ನು ಬೋರ್ಡಿನ ಮೈಗೇ ಫೈಬರ್‌ಗ್ಲಾಸ್ ಬಟ್ಟೆ ಮತ್ತು ರಾಳ ಹಾಕಿ ಅಂಟಿಸಿಬಿಡುತ್ತಿದ್ದರು. ಬೋರ್ಡು, ಫಿನ್ ಎರಡೂ ಒಂದೇ ಮೈಯಾದ್ದರಿಂದ ಸವಾರಿಯ ಹಿತ ಇದರಲ್ಲಿ ಹೆಚ್ಚು ಎನ್ನುವವರು ಈಗಲೂ ಇದ್ದಾರೆ. ತೊಂದರೆ ಮುರಿದಾಗ ಗೊತ್ತಾಗುತ್ತದೆ: ಬುಡದ ಗಾಜಿನ ಪದರ ಕಿತ್ತು, ಒಳಗಿನ ಫೋಮ್ ತೆರೆದು, ಬೋರ್ಡೇ ಕೆಲಸಗಾರನ ಮೇಜಿಗೆ ಹೋಗಬೇಕಾಗುತ್ತದೆ. ಸಾಗಿಸುವಾಗಲೂ ಕಳಚುವಂತಿಲ್ಲ. ಈ ಕಾರಣಗಳಿಗಾಗಿ ಬೋರ್ಡಿನೊಳಗೆ ಒಂದು ಪೆಟ್ಟಿಗೆ ಹುದುಗಿಸಿ, ಫಿನ್ನನ್ನು ಅದರಲ್ಲಿ ಕೂರಿಸುವ ಪದ್ಧತಿಗಳು ಬಂದವು. ಲಾಂಗ್‌ಬೋರ್ಡಿನ ಉದ್ದ ಪೆಟ್ಟಿಗೆ ಇವುಗಳಲ್ಲಿ ಹಳೆಯದು. ಸುಮಾರು ಹತ್ತೂವರೆ ಅಂಗುಲದ ಸೀಳಿನಲ್ಲಿ ಫಿನ್ ಹಿಂದೆಮುಂದೆ ಸರಿಯುತ್ತದೆ. ಹಿಂಬದಿಯ ಅಡ್ಡಪಿನ್ನು ತೋಡಿನಲ್ಲಿ ಕೂರುತ್ತದೆ, ಮುಂದೆ ಒಂದು ಸ್ಕ್ರೂ, ಅದನ್ನು ಹಿಡಿಯಲು ಒಳಗೆ ಚಿಕ್ಕ ಲೋಹದ ತಗಡು. ಒಂದೇ ದೊಡ್ಡ ಫಿನ್ನಿಗೆ ಇದರಷ್ಟು ಸರಳ ಏರ್ಪಾಟು ಇನ್ನೊಂದಿಲ್ಲ. ತಗಡು ಮರಳಿನಲ್ಲಿ ಬಿದ್ದು ಕಳೆದುಹೋಗುವುದೇ ಇದರ ದೊಡ್ಡ ರಗಳೆ.

1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಎಫ್‌ಸಿಎಸ್, ಕ್ಯಾಲಿಫೋರ್ನಿಯಾದಿಂದ ಫ್ಯೂಚರ್ಸ್ ಎಂಬ ಪೆಟ್ಟಿಗೆ ಪದ್ಧತಿಗಳು ಬಂದು ಗಿಡ್ಡ ಬೋರ್ಡಿನ ಲೋಕವನ್ನೇ ಹಂಚಿಕೊಂಡವು. ಮೂಲ ಎಫ್‌ಸಿಎಸ್‌ನಲ್ಲಿ ಪ್ರತಿ ಫಿನ್ನಿನ ಬುಡಕ್ಕೆ ಎರಡು ಚಿಕ್ಕ ನಾಲಿಗೆ, ಬೋರ್ಡಿನಲ್ಲಿ ಅವಕ್ಕೆ ತಕ್ಕ ಎರಡು ಕುಳಿ, ಪ್ರತಿ ಕುಳಿಗೂ ಓರೆಯಾಗಿ ಒಂದು ತಲೆಯಿಲ್ಲದ ಸ್ಕ್ರೂ. ಮುಂದೆ ಎರಡು ಕುಳಿಗಳನ್ನು ಒಂದೇ ಪೆಟ್ಟಿಗೆಯಾಗಿ ಬೆಸೆದ ಮಾದರಿ ಬಂತು. 2013ರಲ್ಲಿ ಬಂದ ಎಫ್‌ಸಿಎಸ್ 2 ಪದ್ಧತಿಯಲ್ಲಿ ಸ್ಕ್ರೂ ಕಡ್ಡಾಯವಲ್ಲ. ಒತ್ತಿದರೆ ಒಳಗಿನ ಸ್ಪ್ರಿಂಗು ಫಿನ್ನನ್ನು ಕಚ್ಚಿಕೊಳ್ಳುತ್ತದೆ. ಫ್ಯೂಚರ್ಸ್‌ನ ಆಲೋಚನೆ ಬೇರೆ: ಫಿನ್ನಿನ ಬುಡದುದ್ದಕ್ಕೂ ಒಂದೇ ಉದ್ದ ನಾಲಿಗೆ, ಒಂದೇ ಉದ್ದ ಪೆಟ್ಟಿಗೆ. ಹಿಂತುದಿಯನ್ನು ಮೊದಲು ಒಳಸೇರಿಸಿ, ಮುಂಭಾಗವನ್ನು ಒತ್ತಿ, ಮುಂದೊಂದು ಸ್ಕ್ರೂ ಬಿಗಿದರೆ ಮುಗಿಯಿತು. ಬೋರ್ಡಿಗೆ ಗಾಜಿನ ಬಟ್ಟೆ ಹೊದಿಸುವ ಮೊದಲೇ ಈ ಪೆಟ್ಟಿಗೆಯನ್ನು ಕೂರಿಸುವುದರಿಂದ ಹೊದಿಕೆ ಅದರ ಅಂಚಿನ ಮೇಲೂ ಹಾಯುತ್ತದೆ, ಹಿಡಿತ ಗಟ್ಟಿ. ಎಫ್‌ಸಿಎಸ್ ಫಿನ್ ಫ್ಯೂಚರ್ಸ್ ಪೆಟ್ಟಿಗೆಗೆ ಕೂರುವುದಿಲ್ಲ, ಫ್ಯೂಚರ್ಸ್ ಫಿನ್ ಎಫ್‌ಸಿಎಸ್ ಪೆಟ್ಟಿಗೆಗೂ ಕೂರುವುದಿಲ್ಲ. ಹಳೆಯ ಬೋರ್ಡು ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎರಡರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಬಲದ ಲೆಕ್ಕವೊಂದೇ ಸಾಲದು. ಮುರಿಯುವ ಸರದಿಯನ್ನೂ ನೋಡಬೇಕು. ಪೆಟ್ಟು ಬಿದ್ದಾಗ ಮೊದಲು ಫಿನ್ ಹೋಗಬೇಕು, ಅದು ಉಳಿದರೆ ಪೆಟ್ಟಿಗೆ, ಬೋರ್ಡಿನ ಮೈ ಎಲ್ಲಕ್ಕಿಂತ ಕೊನೆಗೆ. ಚಾಮರಾಜನಗರ ಜಿಲ್ಲೆಯ ಉಡಿಗಾಲ, ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಟ್ರ್ಯಾಕ್ಟರಿನ ಕಲ್ಟಿವೇಟರಿಗೆ ಸ್ಪ್ರಿಂಗು ಹಲ್ಲು ಹಾಕಿಸುವುದರ ಹಿಂದೆ ಇರುವುದೂ ಇದೇ ವಿವೇಕ. ಮಣ್ಣಿನಡಿ ಕಲ್ಲು ಸಿಕ್ಕರೆ ಹಲ್ಲು ಹಿಂದಕ್ಕೆ ಮಣಿಯುತ್ತದೆ, ಚೌಕಟ್ಟು ಉಳಿಯುತ್ತದೆ. ಮೂಲ ಎಫ್‌ಸಿಎಸ್‌ನ ಚಿಕ್ಕ ನಾಲಿಗೆಗಳು ಪೆಟ್ಟು ಬಿದ್ದಾಗ ಪಟ್ಟನೆ ಮುರಿದು ಬೋರ್ಡನ್ನು ಉಳಿಸುತ್ತವೆ. ಮುರಿದ ತುಂಡನ್ನು ಕುಳಿಯಿಂದ ಕೀಳುವ ಕಷ್ಟ ಮಾತ್ರ ಉಳಿಯುತ್ತದೆ. ಫ್ಯೂಚರ್ಸ್‌ನ ಉದ್ದ ನಾಲಿಗೆ ದಿನನಿತ್ಯದ ಬಳಕೆಯಲ್ಲಿ ಹೆಚ್ಚು ಗಟ್ಟಿ, ಅಲುಗಾಟವೂ ಕಡಿಮೆ. ಆದರೆ ಅತಿ ಗಟ್ಟಿಯಾದ ಫಿನ್ ಹಾಕಿ ಬಂಡೆಗೆ ಹೊಡೆದರೆ ಪೆಟ್ಟಿಗೆಯೇ ಸುತ್ತಲಿನ ಹೊದಿಕೆಯ ಸಮೇತ ಕಿತ್ತು ಬರಬಹುದು. ಆದ್ದರಿಂದ ಪೆಟ್ಟಿಗೆಯ ಆಯ್ಕೆಯಷ್ಟೇ ಫಿನ್ನಿನ ವಸ್ತುವಿನ ಆಯ್ಕೆಯೂ ಮುಖ್ಯವಾಗುತ್ತದೆ.

ಫಿನ್ನಿನ ವಸ್ತುಗಳಲ್ಲಿ ಅಗ್ಗದ್ದು ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಬಳುಕುತ್ತದೆ, ಬಿಸಿಲಿಗೆ ವರ್ಷಗಳಲ್ಲಿ ಪೆಡಸಾಗಿ ನಾಲಿಗೆಯ ಬಳಿ ಬಿರಿಯುತ್ತದೆ. ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಬೆರೆಸಿದ್ದು ಅದಕ್ಕಿಂತ ಗಟ್ಟಿ. ಗಾಜಿನ ಬಟ್ಟೆಯ ಪದರಗಳನ್ನು ಒತ್ತಿ ಮಾಡಿದ ಹಲಗೆಯಿಂದ ಕಡೆದ ಫಿನ್ ತೂಕದ್ದಾದರೂ ಬಹುಕಾಲ ಬಾಳುತ್ತದೆ, ಅಂಚು ಸವೆದರೆ ಉಜ್ಜಿ ಸರಿಮಾಡಲೂ ಬರುತ್ತದೆ. ಜೇನುಗೂಡಿನಂಥ ಹಗುರ ತಿರುಳು ಅಥವಾ ಕಾರ್ಬನ್ ಇರುವ ದುಬಾರಿ ಫಿನ್ನುಗಳು ಸ್ಪರ್ಧಿಗಳಿಗೆ ಸೈ, ಕಲಿಯುವವರಿಗೆ ಅನಗತ್ಯ. ಮೆತ್ತನೆ ಬೋರ್ಡುಗಳಲ್ಲಿ ಬೋರ್ಡಿನ ಮೂಲಕ ಬೋಲ್ಟು ಹಾಯಿಸಿ ಬಿಗಿದ ಪ್ಲಾಸ್ಟಿಕ್ ಅಥವಾ ರಬ್ಬರಿನಂಥ ಫಿನ್ ಇರುತ್ತದೆ. ಸರ್ಫ್ ಶಾಲೆಗಳಿಗೆ ಇದೇ ಸರಿ. ಮಡಿಸಿದರೂ ಮುರಿಯುವುದಿಲ್ಲ, ಬಿದ್ದ ಹುಡುಗರ ಮೈಯನ್ನೂ ಕೊಯ್ಯುವುದಿಲ್ಲ.

ಫಿನ್ ಹೇಗೆ ಮುರಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮಧ್ಯಮ ಅಳತೆಯ ಥ್ರಸ್ಟರ್ ಫಿನ್ನಿನ ಬುಡ ಸುಮಾರು 11 ಸೆಂ.ಮೀ., ಆಳ ಸುಮಾರು 11.5 ಸೆಂ.ಮೀ., ದಪ್ಪ ಕೆಲವೇ ಮಿ.ಮೀ. ತುದಿಯ ಮೇಲೆ ಬಿದ್ದ ಬಲ ಸನ್ನೆಕೋಲಿನಂತೆ ಬುಡಕ್ಕೆ ಹೋಗಿ ಮುಟ್ಟುತ್ತದೆ. ಬೋರ್ಡು ಮುಂದಕ್ಕೆ ಸಾಗುತ್ತಿರುವಾಗ ತುದಿ ಮರಳಿಗೆ ತಾಗಿದರೆ ತುದಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ; ಬುಡದ ಮುಂಭಾಗ ಪೆಟ್ಟಿಗೆಯಿಂದ ಹೊರಕ್ಕೆ ಏಳಲು ನೋಡುತ್ತದೆ, ಹಿಂಭಾಗ ಬೋರ್ಡಿನೊಳಗೆ ಒತ್ತುತ್ತದೆ. ಪೆಟ್ಟಿಗೆಯ ಹಿಂಗಡೆ ಅರ್ಧಚಂದ್ರದಂಥ ಬಿರುಕು ಕಂಡರೆ ಇಂಥದೇ ಪೆಟ್ಟು ಬಿದ್ದಿದೆ ಎಂದು ತಿಳಿಯಬೇಕು. ಅಡ್ಡಪೆಟ್ಟು ಇದಕ್ಕಿಂತ ಕೆಟ್ಟದ್ದು. ನೊರೆ ಬೋರ್ಡನ್ನು ಪಕ್ಕಕ್ಕೆ ನೂಕಿ ಮರಳಿಗೆ ಒರಗಿಸಿದಾಗ ಬಲವೆಲ್ಲ ಫಿನ್ನಿನ ಸಣ್ಣ ದಪ್ಪದ ಮೇಲೆ ಬೀಳುತ್ತದೆ. ಪಕ್ಕದ ಫಿನ್ನುಗಳನ್ನು ಹೊರಕ್ಕೆ ಕೆಲವು ಡಿಗ್ರಿ ಓರೆಯಾಗಿಯೇ ಕೂರಿಸಿರುವುದರಿಂದ ಮೊದಲು ನೆಲ ಮುಟ್ಟುವುದೂ ಅವೇ.

ಪೆಟ್ಟಿನ ಪ್ರಮಾಣವನ್ನು ಸರಳ ಲೆಕ್ಕದಿಂದ ಅಂದಾಜು ಮಾಡಬಹುದು. ಸವಾರ ಮತ್ತು ಬೋರ್ಡು ಸೇರಿ 75 ಕಿಲೋ, ವೇಗ ಸೆಕೆಂಡಿಗೆ 3 ಮೀಟರ್ ಎಂದುಕೊಂಡರೆ ಚಲನಶಕ್ತಿ ಸುಮಾರು 337 ಜೂಲ್. ಅಷ್ಟೂ 10 ಸೆಂ.ಮೀ. ಅಂತರದಲ್ಲಿ ನಿಲ್ಲಬೇಕಾದರೆ ಸರಾಸರಿ ಬಲ 340 ಕಿಲೋ ತೂಕಕ್ಕೆ ಸಮ. ಸವಾರ ಮೊದಲೇ ಇಳಿದುಬಿಟ್ಟು 3 ಕಿಲೋದ ಬೋರ್ಡು ಒಂದೇ ಅದೇ ವೇಗದಲ್ಲಿ ಮರಳಿಗೆ ತಾಗಿದರೆ ಬರುವ ಬಲ 14 ಕಿಲೋ ಆಸುಪಾಸು, ಅಂದರೆ ಇಪ್ಪತ್ತೈದನೆಯ ಒಂದು ಪಾಲು. ವಾಸ್ತವದಲ್ಲಿ ಸವಾರನ ಭಾರ ಪೂರ್ತಿ ಫಿನ್ನಿಗೆ ಬೀಳುವುದಿಲ್ಲ, ಅವನು ಮುಗ್ಗರಿಸಿ ಮುಂದಕ್ಕೆ ಬೀಳುತ್ತಾನೆ. ಆದರೂ ಅಂತರ ಎಷ್ಟು ದೊಡ್ಡದೆಂಬುದು ಇದರಿಂದ ಸ್ಪಷ್ಟ. ದಡದ ತನಕ ಬೋರ್ಡಿನ ಮೇಲೆ ನಿಂತೇ ಬರುವ ಅಭ್ಯಾಸವನ್ನು ಬಿಡಿಸಿದರೆ ಅರ್ಧ ಕೆಲಸ ಆದಂತೆ. ಮೊಣಕಾಲುದ್ದ ನೀರು ಇರುವಾಗಲೇ, ಅಲೆಯ ಬೆನ್ನಿಗೆ ಹೊರಳಿ, ಬೋರ್ಡಿನಿಂದ ಇಳಿದುಬಿಡಬೇಕು. ಇಳಿದ ಮೇಲೆ ಬೋರ್ಡನ್ನು ಅಲೆಗೆ ಅಡ್ಡ ಹಿಡಿಯದೆ ಮೂತಿಯನ್ನು ಕಡಲಿಗೆ ಮಾಡಿಕೊಳ್ಳಬೇಕು, ಎತ್ತಿ ಹೊತ್ತು ದಡ ಸೇರಬೇಕು.

ಕರ್ನಾಟಕದ ಕರಾವಳಿಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿ ಸರ್ಫಿಂಗ್ ನಡೆಯುವ ಜಾಗಗಳಲ್ಲಿ ಹೆಚ್ಚಿನವು ಮರಳ ತಳದವು, ಅದರಲ್ಲೂ ಅಳಿವೆಬಾಗಿಲಿಗೆ ಹತ್ತಿರದವು. ಸಸಿಹಿತ್ಲುವಿನ ಬಳಿ ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುತ್ತವೆ. ಕೋಡಿ ಬೆಂಗ್ರೆಯ ಒಂದು ಮಗ್ಗುಲಿಗೆ ಸುವರ್ಣಾ ನದಿ, ಇನ್ನೊಂದು ಮಗ್ಗುಲಿಗೆ ಕಡಲು. ನದಿ ತಂದ ಮರಳು, ಅಲೆ ತಂದ ಮರಳು ಎರಡೂ ಸೇರಿ ದಿಬ್ಬ ಕಟ್ಟುತ್ತವೆ. ಆ ದಿಬ್ಬದ ಮೇಲೆಯೇ ಅಲೆ ಅಂದವಾಗಿ ಮುರಿಯುತ್ತದೆ, ಫಿನ್ ಮುರಿಯುವ ಅಪಾಯವೂ ಅಲ್ಲೇ. ಮಳೆಗಾಲದ ಕಡಲು ದಡದ ಮರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮಳೆ ನಿಂತ ಮೇಲೆ ನಿಧಾನವಾಗಿ ಮತ್ತೆ ತಂದು ಹಾಕುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ನೋಡಿದ ದಿಬ್ಬ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಇರುವ ಭರವಸೆಯಿಲ್ಲ. ಇಲ್ಲಿನ ಭರತ ಇಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸು. ಕೇಳಲು ಸಣ್ಣದಾದರೂ ದಿಬ್ಬದ ಮೇಲಿನ ನೀರನ್ನು ಎದೆಮಟ್ಟದಿಂದ ಮೊಣಕಾಲಿಗೆ ಇಳಿಸಲು ಸಾಕು. ಇಳಿತದ ಹೊತ್ತಿನಲ್ಲಿ ದಡದಿಂದ ನೋಡಿದರೆ ಅಪಾಯ ಕಣ್ಣಿಗೇ ಕಾಣುತ್ತದೆ: ಅಲೆ ಏಳುವ ಮೊದಲು ಅದರ ಮುಂದಿನ ನೀರೆಲ್ಲ ಹಿಂದಕ್ಕೆ ಹೀರಿಕೊಂಡು ಹೋಗುತ್ತದೆ, ಅಲೆಯ ಮುಖ ಮರಳು ಕಲಸಿ ಕಂದು ಬಣ್ಣಕ್ಕೆ ತಿರುಗುತ್ತದೆ, ಬುಡದಲ್ಲಿ ಕ್ಷಣಹೊತ್ತು ಒದ್ದೆ ಮರಳು ಹೊಳೆಯುತ್ತದೆ. ಅಂಥ ಅಲೆಯನ್ನು ಬಿಡುವುದೇ ಜಾಣತನ. ನೀರಿಗಿಳಿಯುವ ಮೊದಲು ಸ್ಥಳೀಯ ಮೀನುಗಾರರನ್ನು ಕೇಳಿದರೆ ದಿಬ್ಬ ಈಗ ಎಲ್ಲಿ ಸರಿದಿದೆ ಎಂದು ಕೈ ತೋರಿಸಿ ಹೇಳಬಲ್ಲರು. ಅವರಷ್ಟು ನಂಬಬಹುದಾದ ನಕ್ಷೆ ಬೇರೆ ಸಿಗದು.

ಬಂಡೆಗಳ ಕಥೆ ಬೇರೆ. ಸುರತ್ಕಲ್ ಮತ್ತು ಕಾಪು ದೀಪಸ್ತಂಭಗಳ ಬುಡದಲ್ಲಿ ಹಾಸಿರುವ ಕಪ್ಪು ಬಂಡೆಗಳು ಫಿನ್ನಿಗೆ ಅವಕಾಶವನ್ನೇ ಕೊಡುವುದಿಲ್ಲ. ಅಲ್ಲಿಂದ ದೂರವಿರುವುದೊಂದೇ ದಾರಿ. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತರುವ ಮರದ ದಿಮ್ಮಿ, ತೆಂಗಿನ ಗರಿ, ಹರಿದ ಬಲೆ ಕೂಡ ಅಳಿವೆಯ ಬಳಿ ತೇಲುತ್ತಿರುತ್ತವೆ. ಶಾಂಭವಿಯ ಹಿನ್ನೀರಿನಲ್ಲಿ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡಲ್ ಬೋರ್ಡಿಗೆ ಒಂದೇ ಆಳವಾದ ನಡು ಫಿನ್ ಇರುತ್ತದೆ. ಬಲೆ ಕಟ್ಟುವ ಗೂಟ, ಹಗ್ಗ, ಚಿಪ್ಪು ಮೆತ್ತಿದ ಕಲ್ಲುಗಳಿಗೆ ಅದು ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಗಿಡ್ಡನೆಯ, ಹಿಂದಕ್ಕೆ ಹೆಚ್ಚು ಬಾಗಿದ ಫಿನ್ ಹಾಕಿದರೆ ಇಂಥ ಅಡ್ಡಿಗಳು ಜಾರಿ ಹೋಗುತ್ತವೆ.

ನೀರಿನಲ್ಲಿ ಮುರಿಯುವ ಫಿನ್ನುಗಳ ಜೊತೆಗೆ ನೆಲದ ಮೇಲೆ ಮುರಿಯುವವೂ ಬಹಳ. ಬೋರ್ಡನ್ನು ಫಿನ್ ಕೆಳಗಾಗಿ ಇಡುವುದು, ಗೋಡೆಗೆ ಒರಗಿಸಿ ಮರೆಯುವುದು, ಒಂದರ ಮೇಲೊಂದು ಪೇರಿಸುವುದು, ಕಾರಿನ ಮೇಲೆ ಹಗ್ಗವನ್ನು ಫಿನ್ನಿಗೇ ಬಿಗಿಯುವುದು, ಇವು ದಿನವೂ ಕಾಣುವ ತಪ್ಪುಗಳು. ಒಳನಾಡಿನವರಿಗೆ ಇದರ ಬಿಸಿ ಹೆಚ್ಚು. ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆ ಕಡೆಯಿಂದ ಹತ್ತಿರದ ಕಡಲೆಂದರೆ ಕೋಯಿಕ್ಕೋಡಿನದು. ಗುಂಡ್ಲುಪೇಟೆಯಿಂದ ಸುಮಾರು 150 ಕಿ.ಮೀ. ಬೆಂಗಳೂರು, ಮೈಸೂರಿನಿಂದ ಬೋರ್ಡು ಹೊತ್ತು ಮಲಬಾರಿನ ಕಡೆ ಹೋಗುವ ವಾಹನಗಳಿಗೂ ಇದೊಂದು ದಾರಿ. ಬಂಡೀಪುರದ ಕಾಡಿನೊಳಗೆ ಹಾದುಹೋಗುವ ಹೆದ್ದಾರಿಯ ತುಂಬ ಹಂಪ್ಸ್, ಮುಂದೆ ತಾಮರಶೇರಿ ಘಟ್ಟದ ಒಂಬತ್ತು ಹೇರ್‌ಪಿನ್ ತಿರುವು. ಕಾಡಿನ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ಪ್ರಯಾಣವೆಲ್ಲ ಹಗಲಿನಲ್ಲೇ ಆಗಬೇಕು. ಪ್ರತಿ ಹಂಪ್ಸಿಗೂ ಬೋರ್ಡು ಕುಪ್ಪಳಿಸುತ್ತದೆ, ಕಳಚದೆ ಬಿಟ್ಟ ಫಿನ್ನಿನ ಬುಡಕ್ಕೆ ಪ್ರತಿ ಸಲವೂ ಸಣ್ಣ ಏಟು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಬೋರ್ಡಿನ ಹೊದಿಕೆ ಫೋಮಿನಿಂದ ಬಿಟ್ಟುಕೊಳ್ಳಬಹುದು, ಹಾಗಾದರೆ ಪೆಟ್ಟಿಗೆಯ ಹಿಡಿತವೂ ಸಡಿಲ. ದೂರ ಪ್ರಯಾಣದಲ್ಲಿ ಫಿನ್ನುಗಳನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ ಬೇರೆಯೇ ಇಡಬೇಕು. ಕಳಚಲಾಗದ ಫಿನ್ನಿದ್ದರೆ ಅದರ ಇಬ್ಬದಿಗೂ ಫಿನ್ನಿಗಿಂತ ಎತ್ತರದ ಫೋಮ್ ತುಂಡು ಕಟ್ಟಬೇಕು. ವಿಮಾನಕ್ಕೆ ಹಾಕುವಾಗಲಂತೂ ಇದರಲ್ಲಿ ರಿಯಾಯಿತಿ ಇಲ್ಲ.

ಸ್ಕ್ರೂವಿನ ವಿಷಯ ಚಿಕ್ಕದು, ಹಾನಿ ದೊಡ್ಡದು. ಎಫ್‌ಸಿಎಸ್ ಮತ್ತು ಫ್ಯೂಚರ್ಸ್ ಎರಡಕ್ಕೂ ಬೇಕಾದ ಆಲೆನ್ ಕೀ 3/32 ಅಂಗುಲದ್ದು, ಅಂದರೆ 2.38 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಿಲಿಮೀಟರ್ ಲೆಕ್ಕದ ಕೀಗಳು. 2.5 ಮಿ.ಮೀ. ಒಳಗೇ ಹೋಗದು, 2 ಮಿ.ಮೀ. ಹೋಗುತ್ತದೆ, ಆದರೆ ಒಳಗೆ ಜಾರಿ ಸ್ಕ್ರೂವಿನ ಷಟ್ಕೋನವನ್ನು ಸವೆಸಿ ದುಂಡಗೆ ಮಾಡಿಬಿಡುತ್ತದೆ. ಆಮೇಲೆ ಅದು ಬಿಗಿಯಲೂ ಬಾರದು, ಬಿಚ್ಚಲೂ ಬಾರದು. ಸರಿಯಾದ ಕೀಯನ್ನು ಬೋರ್ಡಿನ ಚೀಲದಲ್ಲೇ ಕಟ್ಟಿಡುವುದು ಒಳ್ಳೆಯದು. ಸ್ಕ್ರೂ ತಡೆದು ನಿಂತ ಮೇಲೆ ಕಾಲು ಸುತ್ತು ಸಾಕು. ಅದಕ್ಕಿಂತ ಹೆಚ್ಚು ಬಿಗಿದರೆ ಪೆಟ್ಟಿಗೆಯ ಪ್ಲಾಸ್ಟಿಕ್ ಗೋಡೆ ಸೀಳುತ್ತದೆ. ಸಡಿಲ ಬಿಟ್ಟರೂ ಕೇಡೇ, ಪ್ರತಿ ಅಲೆಗೂ ಫಿನ್ ಕುಟ್ಟಿ ಕುಟ್ಟಿ ನಾಲಿಗೆಯ ಬುಡ ದಣಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೂ ಉಪ್ಪುನೀರು, ಮರಳು ಸೇರಿ ಸ್ಕ್ರೂವನ್ನು ಕಚ್ಚಿಸಿಬಿಡುತ್ತವೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಆಗಾಗ ಬಿಚ್ಚಿ, ಎಳೆಯಷ್ಟು ಗ್ರೀಸ್ ಸವರಿ ಹಾಕಿದರೆ ವರ್ಷಗಟ್ಟಲೆ ತೊಂದರೆಯಿಲ್ಲ.

ಮುರಿಯುವ ಮೊದಲು ಬೋರ್ಡು ಸುಳಿವು ಕೊಡುತ್ತದೆ. ಒಣಗಿದ ಬೋರ್ಡನ್ನು ಬೋರಲಾಗಿ ಮಲಗಿಸಿ, ಫಿನ್ನಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಒತ್ತಿ, ಬುಡವನ್ನು ಗಮನಿಸಬೇಕು. ಫಿನ್ ಮಾತ್ರ ಬಳುಕಿದರೆ ಸರಿ. ಪೆಟ್ಟಿಗೆಯೂ ಅದರ ಜೊತೆ ಅಲುಗಿದರೆ, ಅಂಚಿನಲ್ಲಿ ಕೂದಲೆಳೆಯಂಥ ಗೆರೆ ತೆರೆದು ಮುಚ್ಚಿದರೆ, ಗೆರೆಯಿಂದ ನೀರಿನ ಹನಿ ಅಥವಾ ಗುಳ್ಳೆ ಹೊರಬಂದರೆ, ಒಳಗೆ ನೀರು ಸೇರಿದೆ ಎಂದರ್ಥ. ಹೆಬ್ಬೆರಳಿಂದ ಸುತ್ತಲೂ ಒತ್ತಿದಾಗ ಮೆತ್ತಗೆ ತಗ್ಗುವ ಜಾಗ, ಹಳದಿಗಟ್ಟಿದ ಫೋಮ್ ಕೂಡ ಅದನ್ನೇ ಹೇಳುತ್ತವೆ. ಇಂಥ ಬೋರ್ಡನ್ನು ಇನ್ನೊಂದು ದಿನ ಎಂದು ನೀರಿಗೆ ಇಳಿಸಬಾರದು. ಒಂದು ಬಿರುಕಿನ ದುರಸ್ತಿಯಲ್ಲಿ ಮುಗಿಯುತ್ತಿದ್ದುದು ಪೆಟ್ಟಿಗೆ ಬದಲಿಸುವ ಹಂತಕ್ಕೆ ಹೋಗುತ್ತದೆ.

ದುರಸ್ತಿಗೆ ಬೇಕಾದ ಗಾಜಿನ ಬಟ್ಟೆ, ರಾಳ, ಅದನ್ನು ಬಳಸಬಲ್ಲ ಕೈಗಳು ನಮ್ಮ ಕರಾವಳಿಯಲ್ಲಿ ಇವೆ. ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿ ಕಟ್ಟುವ, ತೇಪೆ ಹಾಕುವ ಕೆಲಸಗಾರರಿಗೆ ಈ ವಿದ್ಯೆ ಕರಗತ. ಒಂದು ಎಚ್ಚರ ಮಾತ್ರ ಅಗತ್ಯ. ದೋಣಿಗೆ ಬಳಸುವ ಪಾಲಿಯೆಸ್ಟರ್ ರಾಳ ಪಾಲಿಯುರೆಥೇನ್ ಫೋಮಿನ ಬೋರ್ಡಿಗೆ ಒಗ್ಗುತ್ತದೆ. ಥರ್ಮೋಕೋಲ್ ಜಾತಿಯ ಫೋಮಿಗೆ ತಾಗಿದರೆ ಅದನ್ನು ಕರಗಿಸಿಬಿಡುತ್ತದೆ. ಅಂಥ ಬೋರ್ಡಿಗೆ ಎಪಾಕ್ಸಿಯೇ ಆಗಬೇಕು. ಬಿರುಕಿನ ಜಾಗದಲ್ಲಿ ಪುಟ್ಟ ಪುಟ್ಟ ಮಣಿಗಳಂಥ ಬಿಳಿ ಫೋಮ್ ಕಂಡರೆ ಎಪಾಕ್ಸಿ ಎಂದು ನಿರ್ಧರಿಸಬಹುದು. ಖಚಿತವಾಗಿ ತಿಳಿಯದಿದ್ದಾಗಲೂ ಎಪಾಕ್ಸಿಯೇ ಕ್ಷೇಮ, ಅದು ಎರಡಕ್ಕೂ ಹಿಡಿಯುತ್ತದೆ. ಸಡಿಲವಾದ ಪೆಟ್ಟಿಗೆಯ ಸುತ್ತಲಿನ ಸತ್ತ ಹೊದಿಕೆಯನ್ನು ಕೆತ್ತಿ ತೆಗೆದು, ಗಾಜಿನ ನಾರಿನ ಚೂರು ಬೆರೆಸಿದ ಗಟ್ಟಿ ರಾಳ ತುಂಬಿ, ಅದರ ಮೇಲೆ ಒಂದಕ್ಕಿಂತ ಒಂದು ದೊಡ್ಡದಾದ ಎರಡು ತೇಪೆ ಹೊದಿಸುತ್ತಾರೆ. ಪೆಟ್ಟಿಗೆ ಹೊಸದಾಗಿ ಕೂರುವಾಗ ಓರೆ ಮತ್ತು ದಿಕ್ಕು ಮೊದಲಿನಂತೆಯೇ ಇರಬೇಕು, ಎಡಬಲ ವ್ಯತ್ಯಾಸವಾದರೆ ಬೋರ್ಡು ಒಂದು ಕಡೆಗೆ ಎಳೆಯುತ್ತದೆ. ಆದ್ದರಿಂದ ರಾಳ ಗಟ್ಟಿಯಾಗುವ ತನಕ ಫಿನ್ನನ್ನು ಪೆಟ್ಟಿಗೆಯಲ್ಲೇ ಕೂರಿಸಿ, ಇನ್ನೊಂದು ಬದಿಯ ಫಿನ್ನಿನ ಅಳತೆಗೆ ಸರಿಹೊಂದಿಸಿ, ಟೇಪು ಬಿಗಿದು ನಿಲ್ಲಿಸುತ್ತಾರೆ. ಸ್ಕ್ರೂ ತೂತಿಗೆ ರಾಳ ಇಳಿಯದಂತೆ ಮೊದಲೇ ಮೇಣ ತುಂಬಿರಬೇಕು.

ಎಲ್ಲಕ್ಕಿಂತ ಮೊದಲಿನ ಹಂತ ಒಣಗಿಸುವುದು, ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಒದ್ದೆ ಫೋಮಿನ ಮೇಲೆ ಹಾಕಿದ ತೇಪೆ ನಿಲ್ಲುವುದಿಲ್ಲ. ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಹೊದಿಕೆಯನ್ನು ಎಬ್ಬಿಸುತ್ತದೆ. ಪೆಟ್ಟಿಗೆ ಇರುವ ಬಾಲದ ತುದಿಯನ್ನು ಕೆಳಕ್ಕೆ ಮಾಡಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಬೋರ್ಡನ್ನು ನಿಲ್ಲಿಸಬೇಕು. ಬೇಸಿಗೆಯಲ್ಲಿ ಕೆಲವು ದಿನಗಳಿಗೆ ಆರುವ ಬೋರ್ಡು ಕರಾವಳಿಯ ಮಳೆಗಾಲದ ತೇವದಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ದಿನ ಬಿಟ್ಟು ದಿನ ತೂಕ ಹಾಕುತ್ತ ಹೋಗಿ, ತೂಕ ಇಳಿಯುವುದು ನಿಂತ ಮೇಲೆ ರಾಳ ಕಲಸಬೇಕು.